ಉಳಿದವರ ಸುಖ, ಹೊರಟವರ ಸುಖ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಪಂಥವು ಸುಖವನ್ನು ಧರ್ಮಾಚರಣೆಯ ಬೆನ್ನಿಗೆ ಬರುವ ಒಂದು ಉಪಫಲವೆಂದು ಕಾಣುವುದಿಲ್ಲ. ಮನುಷ್ಯನು ಭೂಮಿಗೆ ಬಂದಿರುವುದೇ ಆನಂದವನ್ನು ಹೊಂದುವುದಕ್ಕಾಗಿ ಎಂದು ಅದರ ಧರ್ಮಗ್ರಂಥವು ನೇರವಾಗಿ ಸಾರುತ್ತದೆ, ದೇವರು ಮನುಷ್ಯಕುಲಕ್ಕಾಗಿ ಮಾಡಿಟ್ಟ ಒಟ್ಟು ವ್ಯವಸ್ಥೆಯನ್ನು ಸುಖದ ಯೋಜನೆ ಎಂದೇ ಕರೆಯುತ್ತದೆ, ಕೆಟ್ಟ ದಾರಿ ಹಿಡಿದವನಿಗೆ ಸುಖವೆಂಬುದು ಎಂದೂ ದಕ್ಕಿಲ್ಲವೆಂದು ಎಚ್ಚರಿಸುತ್ತದೆ. ಸುಖವು ಹೀಗೆ ಸತ್ಯದ ಸಾಕ್ಷಿಯಾಗಿ ನಿಂತ ಮೇಲೆ, ಆ ಪಂಥದಲ್ಲಿ ಉಳಿಯಬೇಕೋ ಹೊರಡಬೇಕೋ ಎಂಬ ಪ್ರಶ್ನೆಯು ಯಾರು ಹೆಚ್ಚು ಸುಖವಾಗಿದ್ದಾರೆ ಎಂಬ ವಾದವಾಗಿ ಮಾರ್ಪಡುವುದು ಅನಿವಾರ್ಯ. ಹೊರಟವರು ನೆಮ್ಮದಿಯಿಂದಿದ್ದರೆ ಅದು ಉಳಿದವರ ನಂಬಿಕೆಗೆ ಎದುರಾಗಿ ನಿಲ್ಲುತ್ತದೆ. ಹೊರಟವರು ಕಷ್ಟದಲ್ಲಿದ್ದರೆ ಅದು ಅವರ ತಪ್ಪಿಗೆ ಸಿಕ್ಕ ಫಲದಂತೆ ಕಾಣುತ್ತದೆ. ಒಬ್ಬ ವ್ಯಕ್ತಿಯ ಖಾಸಗಿ ನೆಮ್ಮದಿಯ ಮೇಲೆ ಇಷ್ಟು ದೊಡ್ಡ ಹೊರೆ ಬಿದ್ದಿರುವುದೇ ಈ ವಿಷಯದ ಮೂಲ ತೊಡಕು, ಮತ್ತು ಈ ತೊಡಕನ್ನು ಬಿಡಿಸಿ ನೋಡದ ಹೊರತು ಎರಡೂ ಕಡೆಯವರ ಮಾತು ಅರ್ಥವಾಗುವುದಿಲ್ಲ.

ಈ ಪಂಥದ ಅಧಿಕೃತ ಹೆಸರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್, ಅಂದರೆ ಅಂತ್ಯದಿನಗಳ ಸಂತರ ಯೇಸು ಕ್ರಿಸ್ತನ ಸಭೆ. ಇಲ್ಲಿ ಸಂತರೆಂದರೆ ಸಭೆಯ ಸಾಮಾನ್ಯ ಸದಸ್ಯರೇ. ನ್ಯೂಯಾರ್ಕ್ ರಾಜ್ಯದ ರೈತ ಕುಟುಂಬದ ಯುವಕ ಜೋಸೆಫ್ ಸ್ಮಿತ್, ದೇವದೂತನೊಬ್ಬ ತೋರಿಸಿದ ಚಿನ್ನದ ಫಲಕಗಳ ಬರಹವನ್ನು ದೈವಬಲದಿಂದ ಅನುವಾದಿಸಿದೆನೆಂದು ಹೇಳಿ 1830ರಲ್ಲಿ ಮಾರ್ಮನ್ ಗ್ರಂಥವನ್ನು ಪ್ರಕಟಿಸಿದನು, ಅದೇ ವರ್ಷದ ಏಪ್ರಿಲ್ 6ರಂದು ಸಭೆಯನ್ನು ಸ್ಥಾಪಿಸಿದನು. ನೆರೆಯವರ ದ್ವೇಷದಿಂದ ಊರಿಂದೂರಿಗೆ ಓಡಿದ ಈ ಜನ, 1844ರಲ್ಲಿ ಇಲಿನಾಯ್ ರಾಜ್ಯದ ಸೆರೆಮನೆಯೊಂದರಲ್ಲಿ ಸ್ಮಿತ್ ದೊಂಬಿಗಾರರ ಗುಂಡಿಗೆ ಬಲಿಯಾದ ನಂತರ, ಬ್ರಿಗಮ್ ಯಂಗ್ ಎಂಬ ನಾಯಕನ ಹಿಂದೆ ಎತ್ತಿನ ಗಾಡಿಗಳಲ್ಲಿ ಪಶ್ಚಿಮಕ್ಕೆ ಹೊರಟು, 1847ರ ಜುಲೈನಲ್ಲಿ ಈಗಿನ ಯೂಟಾ ರಾಜ್ಯದ ಉಪ್ಪುಸರೋವರದ ಕಣಿವೆಯನ್ನು ಸೇರಿತು. ಆ ಬರಡು ನೆಲಕ್ಕೆ ಕಾಲುವೆ ತೆಗೆದು ಬೇಸಾಯ ಮಾಡಿದ ನೆನಪು, ಅಟ್ಟಿಸಿಕೊಂಡು ಬಂದವರ ನೆನಪು, ಜೊತೆಗೆ ನಡೆದು ದಾರಿಯಲ್ಲಿ ಸತ್ತವರ ನೆನಪು ಇಂದಿಗೂ ಮಾರ್ಮನ್ ಮನೆಗಳಲ್ಲಿ ಜೀವಂತವಾಗಿದೆ. ಆದ್ದರಿಂದ ಅಲ್ಲಿ ಮತವನ್ನು ಬಿಡುವುದೆಂದರೆ ಕೆಲವು ತತ್ತ್ವಗಳನ್ನು ಒಪ್ಪದೆ ಹೋಗುವುದಷ್ಟೇ ಆಗಿ ಉಳಿಯದೆ, ಮುತ್ತಜ್ಜ ಮುತ್ತಜ್ಜಿಯರ ತ್ಯಾಗಕ್ಕೆ ಬೆನ್ನು ಹಾಕಿದಂತೆ ಮನೆಯವರಿಗೆ ತೋರುತ್ತದೆ. ಇಂದು ಸಭೆಯ ಪಟ್ಟಿಯಲ್ಲಿ ಲೋಕದಾದ್ಯಂತ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ; ಪ್ರಾರ್ಥನೆಗೆ ಬರುವುದನ್ನು ನಿಲ್ಲಿಸಿಯೂ ಹೆಸರು ತೆಗೆಸದವರು ಸಹ ಆ ಲೆಕ್ಕದಲ್ಲಿ ಸೇರಿದ್ದಾರೆ.

ಮಾರ್ಮನ್ನರ ದಿನನಿತ್ಯದ ಬದುಕನ್ನು ತಿಳಿಯದೆ ಅವರ ಸುಖದ ಮಾತು ತಿಳಿಯುವುದಿಲ್ಲ. ಸಭೆಯ ಬುನಾದಿ ಘಟಕಕ್ಕೆ ವಾರ್ಡ್ ಎಂದು ಹೆಸರು; ಅದು ನಾವು ನಗರಸಭೆಯಲ್ಲಿ ಕಾಣುವ ವಾರ್ಡಿನಂತೆಯೇ ಗಡಿಯಿರುವ ಪ್ರದೇಶ, ಮತ್ತು ಯಾವ ಮನೆಯಲ್ಲಿ ವಾಸವೋ ಅದರ ಮೇಲೆ ಯಾವ ವಾರ್ಡ್ ಎಂಬುದು ನಿರ್ಧಾರವಾಗುತ್ತದೆ. ಕೆಲವು ನೂರು ಜನರ ಆ ಘಟಕಕ್ಕೆ ಬಿಷಪ್ ಇರುತ್ತಾನೆ. ಅವನು ಸಂಬಳದ ಪಾದ್ರಿಯಲ್ಲ, ವಾರವಿಡೀ ಅಂಗಡಿ, ಕಚೇರಿ, ಆಸ್ಪತ್ರೆಗಳಲ್ಲಿ ದುಡಿದು ಉಳಿದ ಹೊತ್ತಿನಲ್ಲಿ ಐದಾರು ವರ್ಷ ಈ ಸೇವೆ ಮಾಡುವ ಗೃಹಸ್ಥ. ಮಕ್ಕಳಿಗೆ ಪಾಠ ಹೇಳುವುದರಿಂದ ಹಿಡಿದು ಪಿಯಾನೊ ನುಡಿಸುವವರೆಗೆ ಪ್ರತಿಯೊಬ್ಬ ಸದಸ್ಯನಿಗೂ ಒಂದು ಕೆಲಸ ಹಂಚಿಕೆಯಾಗಿರುತ್ತದೆ. ಬಾಣಂತಿಯ ಮನೆಗೆ ವಾರಗಟ್ಟಲೆ ಸರದಿಯ ಮೇಲೆ ಊಟ ಬರುತ್ತದೆ, ಮನೆ ಬದಲಾಯಿಸುವವರ ಸಾಮಾನು ಎತ್ತಲು ಹತ್ತು ಜನ ಬೆಳಿಗ್ಗೆಯೇ ಬಂದು ನಿಲ್ಲುತ್ತಾರೆ, ಕೆಲಸ ಕಳೆದುಕೊಂಡವನಿಗೆ ಸಭೆಯ ಉಗ್ರಾಣದಿಂದ ದಿನಸಿ ಸಿಗುತ್ತದೆ. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು ಆ ಹಣವನ್ನು ಬಡವರ ನಿಧಿಗೆ ಕೊಡುವ ಪದ್ಧತಿಯಿದೆ. ಸೋಮವಾರದ ಸಂಜೆಯನ್ನು ಮನೆಮಂದಿಯೆಲ್ಲ ಕೂಡಿ ಕಳೆಯಬೇಕೆಂಬ ರೂಢಿಯಿದೆ. 1842ರಲ್ಲಿ ಆರಂಭವಾದ ರಿಲೀಫ್ ಸೊಸೈಟಿ ಎಂಬ ಮಹಿಳಾ ಸಂಘಟನೆಯು ಲೋಕದ ಅತಿ ಹಳೆಯ ಮತ್ತು ದೊಡ್ಡ ಮಹಿಳಾ ಸಂಸ್ಥೆಗಳಲ್ಲಿ ಒಂದು. ಇಷ್ಟು ಒತ್ತಾಗಿ ಹೆಣೆದುಕೊಂಡ ನೆರೆಹೊರೆ ಇಂದಿನ ಅಮೆರಿಕದ ನಗರಜೀವನದಲ್ಲಿ ಅಪರೂಪವೆಂಬುದನ್ನು ಪಂಥದ ಟೀಕಾಕಾರರೂ ಒಪ್ಪುತ್ತಾರೆ.

ಇದಕ್ಕೆ ಪ್ರತಿಯಾಗಿ ಸದಸ್ಯನಿಂದ ಸಭೆ ಕೇಳುವುದೂ ಸಣ್ಣದಲ್ಲ. ಆದಾಯದ ಹತ್ತನೆಯ ಒಂದು ಭಾಗವನ್ನು ದಶಮಾಂಶವಾಗಿ ಕೊಡಬೇಕು. 1833ರಲ್ಲಿ ಸ್ಮಿತ್‌ಗೆ ಬಂದ ದೈವವಾಣಿಯೆಂದು ನಂಬಲಾಗುವ ಆಹಾರನಿಯಮದಂತೆ ಮದ್ಯ, ತಂಬಾಕು, ಚಹಾ, ಕಾಫಿಗಳನ್ನು ಮುಟ್ಟಬಾರದು. ಮದುವೆಯ ಹೊರಗೆ ದೈಹಿಕ ಸಂಬಂಧ ಕೂಡದು. ಹದಿನೆಂಟು ತುಂಬಿದ ಹುಡುಗರು ಎರಡು ವರ್ಷ, ಹುಡುಗಿಯರು ಇಚ್ಛಿಸಿದರೆ ಒಂದೂವರೆ ವರ್ಷ, ಮನೆ ಬಿಟ್ಟು ಮತಪ್ರಚಾರಕ್ಕೆ ಹೋಗಬೇಕು. ಇವೆಲ್ಲದರ ಮೇಲೆ ದೇವಾಲಯವಿದೆ. ಪ್ರತಿ ಭಾನುವಾರ ಯಾರು ಬೇಕಾದರೂ ಬರಬಹುದಾದ ಪ್ರಾರ್ಥನಾಮಂದಿರ ಬೇರೆ, ದೇವಾಲಯ ಬೇರೆ. ದೇವಾಲಯದೊಳಗೆ ಕಾಲಿಡಲು ಬಿಷಪ್ ಮತ್ತು ಅವನ ಮೇಲಿನ ಅಧಿಕಾರಿ ಇಬ್ಬರೂ ಪ್ರತ್ಯೇಕವಾಗಿ ಪ್ರಶ್ನಿಸಿ, ನಂಬಿಕೆ, ನಡತೆ, ದಶಮಾಂಶ ಎಲ್ಲವೂ ಸರಿಯಿದೆಯೆಂದು ಕಂಡು ಕೊಡುವ ಅರ್ಹತಾಪತ್ರ ಬೇಕು, ಮತ್ತು ಅದನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಅಲ್ಲಿ ನಡೆಯುವ ವಿವಾಹವು ಸಾವಿನೊಂದಿಗೆ ಮುಗಿಯುವುದಿಲ್ಲ. ಗಂಡ, ಹೆಂಡತಿ, ಮಕ್ಕಳು ಅನಂತಕಾಲ ಒಂದೇ ಕುಟುಂಬವಾಗಿ ಉಳಿಯುವಂತೆ ಅವರನ್ನು ಅಲ್ಲಿ ಬಂಧಿಸಲಾಗುತ್ತದೆ ಎಂಬುದು ನಂಬಿಕೆ. ಮಾರ್ಮನ್ ಧರ್ಮದ ಅತ್ಯಂತ ಮಧುರವಾದ ಭರವಸೆ ಇದೇ, ಮತ್ತು ಮುಂದೆ ಕಾಣುವಂತೆ, ಅದರ ಅತ್ಯಂತ ಕಠಿಣವಾದ ನೋವಿನ ಬೇರೂ ಇದೇ.

ಉಳಿದವರು ಸುಖವಾಗಿದ್ದಾರೆ ಎಂಬ ಮಾತಿಗೆ ಆಧಾರವಿಲ್ಲದಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2011ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಅಲ್ಲಿನ ಮಾರ್ಮನ್ನರ ಪೈಕಿ ಶೇ. 87ರಷ್ಟು ಮಂದಿ ತಮ್ಮ ಬದುಕಿನ ಬಗ್ಗೆ ತೃಪ್ತರೆಂದರು. ಒಟ್ಟು ಅಮೆರಿಕನ್ನರಲ್ಲಿ ಹಾಗೆಂದವರು ಶೇ. 75ರಷ್ಟಿದ್ದರು. ಕ್ಯಾಲಿಫೋರ್ನಿಯದ ಮಾರ್ಮನ್ನರನ್ನು 1980ರಿಂದ ಕಾಲು ಶತಮಾನ ಅಧ್ಯಯನ ಮಾಡಿದ ಸಾಂಕ್ರಾಮಿಕಶಾಸ್ತ್ರಜ್ಞ ಜೇಮ್ಸ್ ಎನ್‌ಸ್ಟ್ರಾಮ್, ಸಭೆಯಲ್ಲಿ ಸಕ್ರಿಯರಾಗಿರುವವರಲ್ಲಿ ಕ್ಯಾನ್ಸರ್ ಮತ್ತು ಹೃದ್ರೋಗದ ಸಾವುಗಳು ಗಮನಾರ್ಹವಾಗಿ ಕಡಿಮೆಯೆಂದು ತೋರಿಸಿದರು. ಹೊಗೆಸೊಪ್ಪಿನಿಂದ ದೂರವಿರುವವರ ಬಗ್ಗೆ ಇದು ಅಚ್ಚರಿಯ ಸಂಗತಿಯೂ ಅಲ್ಲ. ಆದರೆ ಈ ತೃಪ್ತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲಿದ್ದು, ಎಲ್ಲ ಮತಗಳ ಅಮೆರಿಕನ್ನರನ್ನು ಕುರಿತು ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ 2010ರಲ್ಲಿ ಪ್ರಕಟಿಸಿದ ಅಧ್ಯಯನ. ಪ್ರಾರ್ಥನೆಗೆ ತಪ್ಪದೆ ಹೋಗುವವರು ಇತರರಿಗಿಂತ ತೃಪ್ತರಾಗಿರುವುದು ನಿಜ, ಆದರೆ ಆ ತೃಪ್ತಿಯ ಮೂಲವು ಒಬ್ಬಂಟಿಯ ಭಕ್ತಿಗಿಂತ ಹೆಚ್ಚಾಗಿ ಅಲ್ಲಿ ದೊರೆಯುವ ಸ್ನೇಹದಲ್ಲಿದೆ ಎಂದು ಅವರು ಕಂಡರು. ಸಭೆಯಲ್ಲಿ ಆಪ್ತ ಗೆಳೆಯರಿದ್ದು, ತಾನು ಆ ಮತದವನೆಂಬ ಭಾವವೂ ಗಟ್ಟಿಯಾಗಿದ್ದಾಗ ಮಾತ್ರ ಪ್ರಾರ್ಥನೆಗೆ ಹೋಗುವುದರ ಲಾಭ ಎದ್ದು ಕಾಣುತ್ತಿತ್ತು. ಗೆಳೆಯರಿಲ್ಲದೆ ಹೋಗಿ ಬರುವವರಿಗೆ ಅಂಥ ಲಾಭ ಕಾಣಲಿಲ್ಲ. ಈ ತೀರ್ಮಾನವನ್ನು ಮಾರ್ಮನ್ ವಾರ್ಡಿನ ಜೀವನದ ಪಕ್ಕದಲ್ಲಿಟ್ಟು ನೋಡಿದರೆ ಮುಖ್ಯವಾದ ವಿಷಯವೊಂದು ಗೋಚರಿಸುತ್ತದೆ: ಉಳಿದವರ ಸುಖದ ಬಹುಭಾಗವು ತಾವು ಒಬ್ಬರಿಗೊಬ್ಬರು ಆಗುತ್ತೇವೆಂಬ ಭರವಸೆಯ ಸುಖ, ಹೊರಟವರ ದುಃಖದ ಬಹುಭಾಗವು ಆ ಭರವಸೆ ಕಡಿದುಹೋದ ದುಃಖ. ಯಾವ ತತ್ತ್ವ ಸತ್ಯ ಎಂಬುದನ್ನು ಈ ಎರಡರಲ್ಲಿ ಯಾವುದೂ ಹೇಳುವುದಿಲ್ಲ.

ಒಳಗಿರುವವರೆಲ್ಲ ಸುಖಿಗಳಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. 2000ದ ದಶಕದ ಆರಂಭದಲ್ಲಿ ಔಷಧ ಬಳಕೆಯ ಲೆಕ್ಕವೊಂದು ಹೊರಬಂದಾಗ, ಖಿನ್ನತೆಯ ಮಾತ್ರೆಗಳ ಬಳಕೆಯಲ್ಲಿ ಯೂಟಾ ರಾಜ್ಯವೇ ಅಮೆರಿಕದಲ್ಲಿ ಮೊದಲೆಂದು ತಿಳಿದು ದೊಡ್ಡ ಚರ್ಚೆ ಎದ್ದಿತು. ಎಲ್ಲದರಲ್ಲೂ ನಗುಮುಖದಿಂದ ಪರಿಪೂರ್ಣರಾಗಿರಬೇಕೆಂಬ ಒತ್ತಡವೇ ಇದಕ್ಕೆ ಕಾರಣವೆಂದು ಟೀಕಾಕಾರರು ಹೇಳಿದರು. ಮದ್ಯದಲ್ಲಿ ನೋವು ಮರೆಯದವರು ವೈದ್ಯರ ಬಳಿಗೆ ಹೋಗುವುದು ಸಹಜವೆಂದು ಸಭೆಯ ಪರವಾದವರು ವಾದಿಸಿದರು. ಎತ್ತರದ ಪ್ರದೇಶಗಳಲ್ಲಿ ಗಾಳಿಯ ಆಮ್ಲಜನಕ ಕಡಿಮೆಯಿರುವುದಕ್ಕೂ ಖಿನ್ನತೆಗೂ ಸಂಬಂಧವಿರಬಹುದೆಂದು ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಸೂಚಿಸಿದರು. ಒಂದು ರಾಜ್ಯದ ಒಟ್ಟು ಲೆಕ್ಕದಿಂದ ಅಲ್ಲಿನ ಮಾರ್ಮನ್ನರೇ ಖಿನ್ನರೋ ಇತರರೋ ಎಂದು ತಿಳಿಯುವುದಿಲ್ಲವಾದ್ದರಿಂದ ಆ ಚರ್ಚೆಯಿಂದ ಯಾವ ಪಕ್ಷವೂ ಗೆಲ್ಲುವಂತಿರಲಿಲ್ಲ. ಆದರೆ ಪರಿಪೂರ್ಣತೆಯ ಗೀಳು ಕಲ್ಪಿತವಲ್ಲ. ಸಭೆಯದೇ ಆದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಅದನ್ನೂ, ಸಣ್ಣ ತಪ್ಪಿಗೂ ಪಾಪಭೀತಿಯಲ್ಲಿ ನರಳುವ ಮನೋವ್ಯಾಧಿಯನ್ನೂ ತಮ್ಮ ವಿದ್ಯಾರ್ಥಿಗಳಲ್ಲಿಯೇ ಅಧ್ಯಯನ ಮಾಡಿದ್ದಾರೆ. ಸುಖವಾಗಿರುವುದು ಧರ್ಮಿಷ್ಠತೆಯ ಗುರುತು ಎಂದು ಕಲಿತ ಮಗುವು ದುಃಖವಾದಾಗ ಎರಡು ಪಾಲು ದುಃಖಪಡುತ್ತದೆ, ಏಕೆಂದರೆ ತನ್ನಲ್ಲಿ ಏನೋ ಪಾಪವಿದೆಯೆಂಬ ಶಂಕೆಯೂ ಅದರ ಜೊತೆ ಸೇರಿಕೊಳ್ಳುತ್ತದೆ.

ಸಲಿಂಗಪ್ರೇಮಿಗಳ ಪಾಡು ಇನ್ನೂ ಕಠಿಣ. ಗಂಡು ಹೆಣ್ಣಿನ ವಿವಾಹವೇ ಅನಂತ ಕುಟುಂಬದ ಅಡಿಗಲ್ಲಾಗಿರುವ ಮತದಲ್ಲಿ ಅವರಿಗೆ ಇಹದಲ್ಲಿ ಒಂಟಿಬಾಳು, ಪರದ ಬಗ್ಗೆ ಅನಿಶ್ಚಯ. 2015ರ ನವೆಂಬರಿನಲ್ಲಿ ಸಭೆಯು ಸಲಿಂಗ ವಿವಾಹವಾದವರನ್ನು ಧರ್ಮಭ್ರಷ್ಟರೆಂದು ಘೋಷಿಸಿ, ಅಂಥ ದಂಪತಿಗಳ ಮಕ್ಕಳಿಗೆ ಹದಿನೆಂಟು ವರ್ಷದವರೆಗೆ ದೀಕ್ಷಾಸ್ನಾನ ಕೊಡಬಾರದೆಂಬ ನಿಯಮ ಮಾಡಿತು. ಆಗ ಹೊರಟವರು ಅನೇಕರು. 2019ರ ಏಪ್ರಿಲಿನಲ್ಲಿ ಆ ನಿಯಮವನ್ನು ಹಿಂದಕ್ಕೆ ಪಡೆಯಲಾಯಿತು. ಸಾವಿರಕ್ಕೂ ಹೆಚ್ಚು ಸಲಿಂಗಪ್ರೇಮಿ ಮಾರ್ಮನ್ನರನ್ನು ಮತ್ತು ಮಾಜಿ ಮಾರ್ಮನ್ನರನ್ನು ಕುರಿತ ಅಧ್ಯಯನವೊಂದರಲ್ಲಿ, ತಮ್ಮ ಮತವನ್ನೂ ತಮ್ಮ ಸ್ವಭಾವವನ್ನೂ ಬೇರೆ ಬೇರೆ ಕೋಣೆಗಳಲ್ಲಿ ಬಚ್ಚಿಟ್ಟು ಬದುಕುವವರ ಮನಸ್ಥಿತಿಯು, ಎರಡನ್ನೂ ಕೂಡಿಸಿಕೊಂಡವರ ಅಥವಾ ಮತವನ್ನು ಬಿಟ್ಟವರ ಮನಸ್ಥಿತಿಗಿಂತ ಕೆಟ್ಟದ್ದಾಗಿತ್ತು. ಎರಡನ್ನೂ ಕೂಡಿಸಿಕೊಳ್ಳಬಲ್ಲವರಾದರೋ ಬೆರಳೆಣಿಕೆಯಷ್ಟು. ಇವರ ವಿಷಯದಲ್ಲಿ ಉಳಿದರೆ ಸುಖ ಎಂಬ ಸರಳ ಉಪದೇಶವು ಕ್ರೂರವಾದದ್ದೆಂದೇ ಹೇಳಬೇಕು.

ಹೊರಡುವವರ ಸಂಖ್ಯೆ ಹೆಚ್ಚುತ್ತಿರುವುದು ನಿಶ್ಚಿತ. ಅಮೆರಿಕದಲ್ಲಿ ಮಾರ್ಮನ್ ಮನೆಯಲ್ಲಿ ಬೆಳೆದವರ ಪೈಕಿ ದೊಡ್ಡವರಾದ ಮೇಲೂ ತಾವು ಮಾರ್ಮನ್ನರೇ ಎಂದವರು ಪ್ಯೂ ಕೇಂದ್ರದ 2007ರ ಸಮೀಕ್ಷೆಯಲ್ಲಿ ಶೇ. 70 ಇದ್ದರು, 2014ರಲ್ಲಿ ಶೇ. 64 ಆದರು, 2023-24ರಲ್ಲಿ ಶೇ. 54ಕ್ಕೆ ಇಳಿದರು. ಕಾರಣಗಳನ್ನು ಹುಡುಕಿದವರಲ್ಲಿ ಮುಖ್ಯರಾದವರು ಜೇನಾ ರೀಸ್. ಆಕೆ ಸ್ವತಃ ಸಭೆಯ ಸದಸ್ಯೆ, ಬೆಂಜಮಿನ್ ನಾಲ್ ಎಂಬ ರಾಜ್ಯಶಾಸ್ತ್ರಜ್ಞರೊಡನೆ 2016ರಲ್ಲಿ ಸಮೀಕ್ಷೆ ನಡೆಸಿ 2019ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಹೊರಟವರು ಯಾರೋ ಮನನೋಯಿಸಿದರೆಂದು ಮುನಿದು ಹೋದವರು, ಇಲ್ಲವೆ ಪಾಪ ಮಾಡುವ ಆಸೆಯಿಂದ ಹೋದವರು ಎಂಬ ಹಳೆಯ ಹೇಳಿಕೆ ಸಭೆಯ ಮನೆಮಾತಾಗಿತ್ತು. ರೀಸ್‌ಗೆ ಸಿಕ್ಕ ಉತ್ತರಗಳು ಬೇರೆಯೇ ಇದ್ದವು: ತಮ್ಮ ಮೌಲ್ಯಗಳಿಗೂ ಸಭೆಯ ಮೌಲ್ಯಗಳಿಗೂ ಹೊಂದಾಣಿಕೆಯಾಗಲಿಲ್ಲ, ಒಂದೇ ಒಂದು ಸತ್ಯಸಭೆ ಇದೆಯೆಂಬ ನಂಬಿಕೆ ಹೋಯಿತು, ನಾಯಕರು ನಿಜ ಹೇಳುತ್ತಾರೆಂಬ ವಿಶ್ವಾಸ ಉಳಿಯಲಿಲ್ಲ, ತಮ್ಮನ್ನು ಸದಾ ಅಳೆದು ತೂಗುತ್ತಿದ್ದರು. ಸಭೆಯ ಹಿರಿಯ ನಾಯಕರಲ್ಲೊಬ್ಬರಾದ ಡೀಟರ್ ಉಕ್‌ಡಾರ್ಫ್ 2013ರ ಅಕ್ಟೋಬರಿನ ಮಹಾಸಭೆಯಲ್ಲಿ, ಹೊರಡುವವರ ಕಾರಣಗಳು ಅಷ್ಟು ಸರಳವಲ್ಲವೆಂದೂ, ಹಿಂದಿನ ನಾಯಕರಿಂದ ತಪ್ಪುಗಳಾಗಿವೆಯೆಂದೂ ಬಹಿರಂಗವಾಗಿ ಒಪ್ಪಿಕೊಂಡದ್ದು ಆ ಹಳೆಯ ಹೇಳಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು.

ಇತಿಹಾಸದ ಪ್ರಶ್ನೆಯೂ ಇಲ್ಲಿ ದೊಡ್ಡದಿದೆ. ಸಭೆಯ ಇತಿಹಾಸದ ಇಕ್ಕಟ್ಟಿನ ವಿಷಯಗಳನ್ನು ಸಭೆಯೇ 2013ರಿಂದ 2015ರವರೆಗೆ ತನ್ನ ಅಂತರ್ಜಾಲ ತಾಣದಲ್ಲಿ ಪ್ರಬಂಧಗಳ ರೂಪದಲ್ಲಿ ಪ್ರಕಟಿಸಿತು. ಜೋಸೆಫ್ ಸ್ಮಿತ್ ಅನೇಕ ಸ್ತ್ರೀಯರನ್ನು ಮದುವೆಯಾಗಿದ್ದು, ಅವರಲ್ಲೊಬ್ಬಳಿಗೆ ಹದಿನೈದು ಸಹ ತುಂಬಿರಲಿಲ್ಲವೆಂಬುದು, ಮಾರ್ಮನ್ ಗ್ರಂಥದ ಅನುವಾದದ ಹೊತ್ತಿನಲ್ಲಿ ಟೊಪ್ಪಿಗೆಯೊಳಗೆ ಒಂದು ಕಲ್ಲನ್ನಿಟ್ಟು ನೋಡುತ್ತಿದ್ದನೆಂಬುದು, ಆಫ್ರಿಕನ್ ಮೂಲದ ಪುರುಷರಿಗೆ 1978ರವರೆಗೆ ಪೌರೋಹಿತ್ಯ ಕೊಡದಿರುವುದಕ್ಕೆ ಹಿಂದೆ ಹೇಳುತ್ತಿದ್ದ ಕಾರಣಗಳನ್ನು ಸಭೆ ಈಗ ಒಪ್ಪುವುದಿಲ್ಲವೆಂಬುದು ಅವುಗಳಲ್ಲಿದ್ದ ಕೆಲವು ಸಂಗತಿಗಳು. ಇತಿಹಾಸಕಾರರಿಗೆ ಇವು ಹೊಸತಲ್ಲ. ಆದರೆ ಇದೆಲ್ಲ ವೈರಿಗಳ ಸುಳ್ಳೆಂದು ಕೇಳುತ್ತ ಬೆಳೆದ ಸದಸ್ಯನಿಗೆ ಸಂಗತಿಗಿಂತ ಹೆಚ್ಚು ನೋಯಿಸಿದ್ದು ಅದನ್ನು ತನಗೆ ಇಷ್ಟು ವರ್ಷ ಹೇಳಲಿಲ್ಲವೆಂಬುದು. ಉತ್ತರ ಸಿಗದ ಪ್ರಶ್ನೆಯನ್ನು ಸದ್ಯಕ್ಕೆ ಕಪಾಟಿನ ಮೇಲಿಡು ಎಂದು ಮಾರ್ಮನ್ ಹಿರಿಯರು ಬುದ್ಧಿ ಹೇಳುವುದುಂಟು. ಹೊರಟವರು ತಮ್ಮ ಕಥೆಯನ್ನು ಹೇಳುವಾಗ ಭಾರ ತಾಳದೆ ಆ ಕಪಾಟು ಮುರಿದುಬಿದ್ದ ದಿನವನ್ನೇ ನೆನೆಯುತ್ತಾರೆ.

ಆ ದಿನದ ನಂತರ ಏನಾಗುತ್ತದೆ ಎಂಬುದನ್ನು ತಿಳಿಯಲು ಅನಂತ ಕುಟುಂಬದ ನಂಬಿಕೆಗೇ ಮರಳಬೇಕು. ಮಗನು ಸಭೆಯನ್ನು ಬಿಟ್ಟನೆಂದರೆ ತಾಯಿಗೆ ಅದು ಅಭಿಪ್ರಾಯಭೇದವಲ್ಲ, ಪರಲೋಕದಲ್ಲಿ ತನ್ನ ಪಕ್ಕದಲ್ಲಿ ಇರಬೇಕಾದವನ ಸ್ಥಾನ ಖಾಲಿಯಾದಂತೆ. ಆಕೆಯ ಅಳು ಬದುಕಿರುವವನಿಗಾಗಿ ಅಳುವ ಸಾವಿನ ಅಳು. ದೇವಾಲಯದಲ್ಲಿ ಮದುವೆಯಾದ ದಂಪತಿಗಳಲ್ಲಿ ಒಬ್ಬರ ನಂಬಿಕೆ ಹೋದರೆ ಇನ್ನೊಬ್ಬರಿಗೆ ಮದುವೆಯ ಒಪ್ಪಂದವೇ ಮುರಿದಂತೆ ತೋರುತ್ತದೆ. ಕೆಲವು ಮದುವೆಗಳು ಆಗಲೇ ಮುಗಿಯುತ್ತವೆ, ಕೆಲವರು ಮಿಶ್ರನಂಬಿಕೆಯ ಸಂಸಾರವನ್ನು ಹೊಸದಾಗಿ ಕಲಿಯುತ್ತಾರೆ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಮಾರ್ಮನ್ ವಿದ್ಯಾರ್ಥಿಯು ಸಭೆಯನ್ನು ಬಿಟ್ಟರೆ ಅಲ್ಲಿ ಓದು ಮುಂದುವರಿಸುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆ. ಯೂಟಾದ ಸಣ್ಣ ಊರುಗಳಲ್ಲಿ ನೆರೆಯವರು, ವ್ಯಾಪಾರದ ಗಿರಾಕಿಗಳು, ಮಕ್ಕಳ ಆಟದ ಜೊತೆಗಾರರು ಎಲ್ಲರೂ ಒಂದೇ ವಾರ್ಡಿನವರಾದ್ದರಿಂದ, ಯಾರೂ ಬಹಿಷ್ಕಾರ ಹಾಕದಿದ್ದರೂ ಮನೆಯ ಬಾಗಿಲು ಬಡಿಯುವವರು ತಾವಾಗಿಯೇ ಕಡಿಮೆಯಾಗುತ್ತಾರೆ. ಹೊರಟವರು ಮೂವತ್ತು ನಲವತ್ತರ ವಯಸ್ಸಿನಲ್ಲಿ ಭಾನುವಾರವನ್ನು ಹೇಗೆ ಕಳೆಯುವುದು, ಮಕ್ಕಳಿಗೆ ಸಾವಿನ ಬಗ್ಗೆ ಏನು ಹೇಳುವುದು, ಕಾಫಿಯಂಗಡಿಯಲ್ಲಿ ಏನನ್ನು ಕೇಳಿ ತರಿಸಿಕೊಳ್ಳುವುದು ಎಂಬುದನ್ನೆಲ್ಲ ಮೊದಲಿನಿಂದ ಕಲಿಯಬೇಕಾಗುತ್ತದೆ. ಸ್ವತಃ ಕ್ರೈಸ್ತ ಸನ್ಯಾಸಿನಿಯಾಗಿದ್ದು ಆ ಬದುಕನ್ನು ಬಿಟ್ಟುಬಂದ ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಈಬಾ, ಇಂಥ ನಿರ್ಗಮನಗಳನ್ನು ಕುರಿತ ತಮ್ಮ 1988ರ ಗ್ರಂಥದಲ್ಲಿ, ಹಳೆಯ ಪಾತ್ರವನ್ನು ಬಿಟ್ಟವರು ಬಹುಕಾಲ ಆ ಪಾತ್ರದ ನೆರಳಿನಲ್ಲೇ ಬದುಕುತ್ತಾರೆಂದು ತೋರಿಸಿದರು. ಮಾಜಿ ಮಾರ್ಮನ್ನರ ಕೋಪವನ್ನು ಕಂಡು, ಬಿಟ್ಟ ಮೇಲೂ ಇವರಿಗೆ ಬಿಡಲಾಗುವುದಿಲ್ಲವೆಂದು ಹಂಗಿಸುವ ಸದಸ್ಯರು ಈ ಮಾತನ್ನು ಗಮನಿಸುವುದು ಒಳ್ಳೆಯದು. ಇಡೀ ಬಾಲ್ಯವನ್ನೂ ಯೌವನವನ್ನೂ ಕೊಟ್ಟದ್ದನ್ನು ಒಂದು ರಾಜೀನಾಮೆ ಪತ್ರದಿಂದ ಮರೆಯಲಾಗುವುದಿಲ್ಲ.

ಉಳಿಯುವುದು ಮತ್ತು ಹೊರಡುವುದು ಎರಡೂ ಘನತೆಯಿಂದ ಸಾಧ್ಯವೆಂಬುದಕ್ಕೆ ಯೂಟಾದ ಇತಿಹಾಸವು ಇಬ್ಬರು ಸಮಕಾಲೀನ ಲೇಖಕಿಯರನ್ನು ಕೊಟ್ಟಿದೆ. ಫಾನ್ ಬ್ರೋಡಿ 1915ರಲ್ಲಿ ಸಭೆಯ ಗಣ್ಯ ಮನೆತನದಲ್ಲಿ ಹುಟ್ಟಿದವರು. ಅವರ ಚಿಕ್ಕಪ್ಪ ದೊಡ್ಡಪ್ಪಂದಿರಲ್ಲೊಬ್ಬರಾದ ಡೇವಿಡ್ ಮೆಕೇ ಮುಂದೆ ಸಭೆಯ ಅಧ್ಯಕ್ಷರೇ ಆದರು. ಶಿಕಾಗೋದಲ್ಲಿ ಓದುವಾಗ ಅವರ ನಂಬಿಕೆ ಕಳಚಿಹೋಯಿತು, ಮತ್ತು ಅದರಿಂದ ತಮಗೆ ದೊಡ್ಡ ಹಗುರ ಉಂಟಾಯಿತೆಂದು ಅವರು ಮುಂದೆ ನೆನಪಿಸಿಕೊಂಡರು. 1945ರಲ್ಲಿ ಅವರು ಬರೆದ ಜೋಸೆಫ್ ಸ್ಮಿತ್‌ನ ಜೀವನಚರಿತ್ರೆಯು ಅವನನ್ನು ಪ್ರವಾದಿಯೆಂದು ಕಾಣದೆ ಅಸಾಧಾರಣ ಕಲ್ಪನಾಶಕ್ತಿಯ ಮನುಷ್ಯನೆಂದು ಕಂಡಿತು. ಮರುವರ್ಷ ಸಭೆ ಅವರನ್ನು ಬಹಿಷ್ಕರಿಸಿತು. ಬಂಧುಗಳ ನೋವು ಅವರನ್ನು ಬಾಧಿಸಿತಾದರೂ ಅವರು ಹಿಂದಿರುಗಲಿಲ್ಲ. ಮುಂದೆ ಲಾಸ್ ಏಂಜಲೀಸಿನಲ್ಲಿ ಇತಿಹಾಸದ ಪ್ರಾಧ್ಯಾಪಕಿಯಾಗಿ, 1974ರಲ್ಲಿ ಅಮೆರಿಕದ ಅಧ್ಯಕ್ಷನಾಗಿದ್ದ ಜೆಫರ್ಸನ್‌ನ ಜೀವನಚರಿತ್ರೆ ಬರೆದು ದೇಶದಾದ್ಯಂತ ಹೆಸರಾದರು.

ವಾನೀಟ ಬ್ರೂಕ್ಸ್ ಅವರ ದಾರಿ ಬೇರೆ. 1898ರಲ್ಲಿ ನೆವಾಡದ ಬಂಕರ್‌ವಿಲ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾದ ಸ್ವಲ್ಪ ಕಾಲದಲ್ಲೇ ಕೈಗೂಸಿನೊಡನೆ ವಿಧವೆಯಾಗಿ, ಶಾಲೆಯಲ್ಲಿ ಪಾಠ ಹೇಳುತ್ತ ಬದುಕು ಕಟ್ಟಿಕೊಂಡವರು ಅವರು. ಯುವತಿಯಾಗಿದ್ದಾಗ ಊರಿನ ಹಿರಿಯನೊಬ್ಬ ತನ್ನ ಮನಸ್ಸಿನಲ್ಲಿರುವುದನ್ನು ಬರೆದುಕೊಳ್ಳಬೇಕೆಂದು ಅವರನ್ನು ಕೇಳಿದ್ದನು. ಅವರು ಹೋಗುವಷ್ಟರಲ್ಲಿ ಅವನು ಮರಣಶಯ್ಯೆಯಲ್ಲಿ ರಕ್ತ ರಕ್ತ ಎಂದು ಕನವರಿಸುತ್ತಿದ್ದನು. 1857ರ ಸೆಪ್ಟೆಂಬರಿನಲ್ಲಿ ಮೌಂಟನ್ ಮೆಡೋಸ್ ಎಂಬ ಹುಲ್ಲುಗಾವಲಿನಲ್ಲಿ, ಕ್ಯಾಲಿಫೋರ್ನಿಯಕ್ಕೆ ಹೊರಟಿದ್ದ ಸುಮಾರು 120 ವಲಸಿಗರನ್ನು ಶರಣಾದ ಮೇಲೆ ಮಾರ್ಮನ್ ಪಡೆಯೇ ಕೊಂದಿತ್ತು, ಮತ್ತು ಆ ಮುದುಕನು ಅಲ್ಲಿದ್ದವರಲ್ಲಿ ಒಬ್ಬನಾಗಿದ್ದನು. ತಪ್ಪನ್ನೆಲ್ಲ ಸ್ಥಳೀಯ ಆದಿವಾಸಿಗಳ ಮೇಲೂ, 1877ರಲ್ಲಿ ಗುಂಡಿಕ್ಕಿ ಕೊಲ್ಲಲಾದ ಜಾನ್ ಲೀ ಎಂಬ ಒಬ್ಬನೇ ಮಾರ್ಮನ್ನನ ಮೇಲೂ ಹೊರಿಸಿ ಊರು ಮೌನವಾಗಿತ್ತು. ಬ್ರೂಕ್ಸ್ ವರ್ಷಗಟ್ಟಲೆ ದಾಖಲೆಗಳನ್ನು ಕಲೆಹಾಕಿ 1950ರಲ್ಲಿ ಸತ್ಯವನ್ನು ಪುಸ್ತಕವಾಗಿ ಬರೆದರು. ಅವರನ್ನು ಬಹಿಷ್ಕರಿಸುವುದು ಖಂಡಿತವೆಂದು ಹಲವರು ಭಾವಿಸಿದ್ದರು; ಹಾಗಾಗಲಿಲ್ಲ, ಆದರೆ ಅವರು ವಾಸವಿದ್ದ ಸೇಂಟ್ ಜಾರ್ಜ್ ಊರಿನ ಹಳೆಯ ಪರಿಚಿತರು ಮುಖ ತಿರುಗಿಸಿದರು. ಅವರು ಮಾತ್ರ ಪ್ರಾರ್ಥನೆಗೆ ಹೋಗುವುದನ್ನು ಬಿಡಲಿಲ್ಲ, ತಮ್ಮ ಸಭೆಗೆ ಸತ್ಯವಲ್ಲದೆ ಬೇರೇನೂ ಒಳಿತಾಗದೆಂಬ ನಿಲುವನ್ನೂ ಬಿಡಲಿಲ್ಲ, ಕಡೆಯವರೆಗೂ ಸದಸ್ಯೆಯಾಗಿಯೇ ಉಳಿದು 1989ರಲ್ಲಿ ತೀರಿಕೊಂಡರು.

ಇಬ್ಬರಲ್ಲಿ ಯಾರು ಸುಖಿ ಎಂದು ಕೇಳುವುದು ವ್ಯರ್ಥ. ಇಬ್ಬರೂ ಬೆಲೆ ತೆತ್ತರು, ಇಬ್ಬರೂ ಬಂಧುಬಳಗದ ತಂಪು ಮೌನವನ್ನು ಸಹಿಸಿದರು. ಆದರೆ ಇಬ್ಬರ ಬದುಕಿನಲ್ಲೂ ಮನಸ್ಸು ನಂಬಿದ್ದಕ್ಕೂ ಬಾಯಿ ಆಡಿದ್ದಕ್ಕೂ ನಡುವೆ ಕಂದರವಿರಲಿಲ್ಲ, ಮತ್ತು ಈ ವಿಷಯದಲ್ಲಿ ವ್ಯಕ್ತಿಯ ಕೈಯಲ್ಲಿರುವ ನೆಮ್ಮದಿ ಎಂಬುದೇನಾದರೂ ಇದ್ದರೆ ಅದು ಇದೇ ಆಗಿದೆ. ನಂಬಿಕೆಯಿಲ್ಲದೆ ಕುಟುಂಬಕ್ಕಾಗಿ ಪ್ರಾರ್ಥನೆಗೆ ಹೋಗುತ್ತ, ಬಿಷಪ್‌ನ ಪ್ರಶ್ನೆಗಳಿಗೆ ಸುಳ್ಳು ಉತ್ತರ ಕೊಡುತ್ತ, ಒಳಗೊಳಗೇ ಬೇಯುವವರು ಇಂದು ಎಷ್ಟೋ ಜನ. ಅವರ ಪಾಡು ಉಳಿದವರಿಗಿಂತಲೂ ಹೊರಟವರಿಗಿಂತಲೂ ಕಷ್ಟದ್ದು. ಇದರ ಅರ್ಥ ಸಂಶಯವಿರುವವರೆಲ್ಲ ಹೊರಡಬೇಕೆಂದಲ್ಲ. 1966ರಲ್ಲಿ ಡಯಲಾಗ್ ಎಂಬ ಮಾರ್ಮನ್ ವಿಚಾರಪತ್ರಿಕೆಯನ್ನು ಗೆಳೆಯರೊಡನೆ ಆರಂಭಿಸಿದ ಪ್ರಾಧ್ಯಾಪಕ ಯೂಜೀನ್ ಇಂಗ್ಲೆಂಡ್, ವಾರ್ಡನ್ನು ನಾವೇ ಆರಿಸಿಕೊಳ್ಳಲಾಗದಿರುವುದೇ ಅದರ ಶ್ರೇಷ್ಠ ಗುಣವೆಂದು ವಾದಿಸಿದ್ದರು: ತಮಗೆ ಹಿಡಿಸದವರೊಡನೆ, ತಮ್ಮ ವಿಚಾರಕ್ಕೆ ತೀರ ವಿರುದ್ಧವಾದವರೊಡನೆ ಸೇರಿ ಕೆಲಸ ಮಾಡಬೇಕಾದಾಗಲೇ ಪ್ರೀತಿಸುವುದನ್ನು ಕಲಿಯುತ್ತೇವೆ ಎಂಬುದು ಅವರ ನಿಲುವು. ಸಂಶಯವನ್ನು ಬಚ್ಚಿಡದೆ ಉಳಿದವರಿಗೆ ಈ ಮಾತು ಬಲ ಕೊಟ್ಟಿದೆ, ಮತ್ತು ಅದು ಗೌರವಕ್ಕೆ ಅರ್ಹವಾದ ಮಾತು. ಆದರೆ ಹಾಗೆ ಉಳಿಯಲು ಬಿಡುವ ವಾರ್ಡೂ ಬೇಕಲ್ಲವೆ.

ಮತವು ಜನರನ್ನು ಸುಖವಾಗಿಡುವುದಾದರೆ ಅಷ್ಟೊಂದು ಜನ ಬಿಟ್ಟುಹೋಗುವುದೇಕೆ ಎಂಬ ಪ್ರಶ್ನೆಯನ್ನು ಸುಖದ ಅಧ್ಯಯನಕ್ಕೆ ಹೆಸರಾದ ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಅವರ ಸಹೋದ್ಯೋಗಿಗಳು 2011ರಲ್ಲಿ ನೇರವಾಗಿ ಕೈಗೆತ್ತಿಕೊಂಡರು. ಬಡತನ, ಹಸಿವು, ಅಲ್ಪಾಯುಷ್ಯ ಹೆಚ್ಚಿರುವ ನಾಡುಗಳಲ್ಲಿ ಧಾರ್ಮಿಕರು ಇತರರಿಗಿಂತ ಸುಖಿಗಳಾಗಿದ್ದರು; ಅನುಕೂಲಸ್ಥ ನಾಡುಗಳಲ್ಲಿ ಆ ಅಂತರವೇ ಬಹುಮಟ್ಟಿಗೆ ಅಳಿದುಹೋಗಿತ್ತು, ಏಕೆಂದರೆ ಆಸರೆ, ಗೌರವ, ಬದುಕಿಗೊಂದು ಅರ್ಥ ಎಂಬಿವು ಮತದ ಹೊರಗೂ ದೊರೆಯುತ್ತಿದ್ದವು. ಮಾರ್ಮನ್ ಸಮುದಾಯಕ್ಕೂ ಇದು ಅನ್ವಯಿಸುತ್ತದೆ: ದೊಡ್ಡ ನಗರದಲ್ಲಿ ಬೇರೆ ಗೆಳೆಯರು ಇರುವವನ ನಿರ್ಗಮನವೂ, ಸುತ್ತಲೂ ಒಂದೇ ವಾರ್ಡಿನವರು ಇರುವ ಹಳ್ಳಿಯವಳ ನಿರ್ಗಮನವೂ ಒಂದೇ ಅಲ್ಲ. ಇನ್ನು ಅಳತೆಗಳ ಮಿತಿಯನ್ನೂ ಮರೆಯಬಾರದು. ಒಳಗಿರುವವರ ತೃಪ್ತಿಯನ್ನು ಅಳೆಯುವಾಗ ಅತೃಪ್ತರು ಆಗಲೇ ಎದ್ದುಹೋಗಿರುತ್ತಾರೆ. ಹೊರಟವರ ಸಂಘಗಳಲ್ಲಿ ಕೇಳುವಾಗ ಹೆಚ್ಚು ನೊಂದವರೂ ಹೆಚ್ಚು ಗೆದ್ದವರೂ ಸಿಗುತ್ತಾರೆಯೇ ಹೊರತು, ಸದ್ದಿಲ್ಲದೆ ದೂರ ಸರಿದು ಬೇರೆ ಊರಿನಲ್ಲಿ ಸಾಮಾನ್ಯ ಬದುಕು ನಡೆಸುತ್ತಿರುವವರು ಸಿಗುವುದಿಲ್ಲ.

ಕರ್ನಾಟಕದ ಓದುಗರಿಗೆ ಇದು ತೀರ ದೂರದ ವಿಷಯವಲ್ಲ. ಮಾರ್ಮನ್ ಪ್ರಚಾರಕರು 1850ರ ದಶಕದಲ್ಲೇ ಕಲ್ಕತ್ತೆಗೆ ಬಂದಿದ್ದರಾದರೂ ನೆಲೆ ನಿಲ್ಲಲಿಲ್ಲ. 1993ರಲ್ಲಿ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ಪ್ರಚಾರ ವಿಭಾಗವೊಂದು ಆರಂಭವಾಯಿತು, ಭಾರತದ ಮೊದಲ ಮಾರ್ಮನ್ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ ಸಭೆ 2018ರಲ್ಲಿ ಪ್ರಕಟಿಸಿ 2020ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮನಾದ ವಿಧಿಯನ್ನು ನಡೆಸಿತು. ಇಲ್ಲಿ ಪ್ರಶ್ನೆ ತಿರುಗುಮುರುಗಾಗಿ ನಿಲ್ಲುತ್ತದೆ, ಏಕೆಂದರೆ ಇಲ್ಲಿನ ಸದಸ್ಯರಲ್ಲಿ ಅನೇಕರು ತಾವೇ ಇನ್ನೊಂದು ಮತದಿಂದ ಅಥವಾ ಇನ್ನೊಂದು ಚರ್ಚಿನಿಂದ ಹೊರಟುಬಂದವರು. ಮನೆಯ ಬೆಳಗಿನ ಕಾಫಿಯನ್ನು ಬೇಡವೆನ್ನುವುದರಿಂದ ಹಿಡಿದು ಹಬ್ಬಹರಿದಿನಗಳವರೆಗೆ ಅವರ ತಾಯ್ತಂದೆಯರು ಪಡುವ ಸಂಕಟವು ಯೂಟಾದ ತಾಯಿಯ ಸಂಕಟಕ್ಕೆ ಸಮೀಪದ್ದೇ. ಅಮೆರಿಕದಲ್ಲಿ ಬಹುಕಾಲ, ದೇವಾಲಯದ ಹೊರಗೆ ಎಲ್ಲರ ಮುಂದೆ ಮದುವೆಯಾದ ಜೋಡಿಯು ದೇವಾಲಯದ ವಿವಾಹಕ್ಕೆ ಒಂದು ವರ್ಷ ಕಾಯಬೇಕಿತ್ತು. ಕಾಯಲೊಲ್ಲದ ಮಕ್ಕಳ ಮದುವೆಯನ್ನು ಅರ್ಹತಾಪತ್ರವಿಲ್ಲದ ಹೆತ್ತವರು ನೋಡಲಾಗದೆ ಹೊರಗಿನ ಕೋಣೆಯಲ್ಲಿ ಕುಳಿತಿರುತ್ತಿದ್ದರು. 2019ರ ಮೇ ತಿಂಗಳಿನಲ್ಲಿ ಸಭೆ ಆ ಕಾಯುವ ನಿಯಮವನ್ನು ರದ್ದುಮಾಡಿದಾಗ ಯಾವ ತತ್ತ್ವವೂ ಬದಲಾಗಲಿಲ್ಲ, ಆದರೂ ಸಾವಿರಾರು ಮನೆಗಳ ನೋವೊಂದು ಕಡಿಮೆಯಾಯಿತು. ಅಂಥ ಬದಲಾವಣೆಗೆ ಸಭೆಯ ಆದೇಶವನ್ನೇ ಕಾಯಬೇಕಾಗಿಲ್ಲ. ಮನೆಯ ಮಗನೋ ಮಗಳೋ ಮತವನ್ನು ತೊರೆದ, ಇಲ್ಲವೆ ಬೇರೊಂದನ್ನು ಸೇರಿದ ಸುದ್ದಿಯನ್ನು ಹೇಳಲು ಬಂದಾಗ, ಯೂಟಾದವರಾಗಲಿ ಬೆಂಗಳೂರಿನವರಾಗಲಿ ಅಂದೇ ವಾದಕ್ಕೆ ಇಳಿಯದೆ, ಅವರನ್ನು ಊಟಕ್ಕೆ ಕೂರಿಸಿ, ಮುಂದಿನ ಹಬ್ಬಕ್ಕೂ ತಪ್ಪದೆ ಬರಬೇಕೆಂದು ಹೇಳಿ ಕಳುಹಿಸಲಿ.